ಈ ಕ್ಷಣ ಯಾರಪ್ಪನದು?

ಸ್ವಲ್ಪ ದಿನದ ಹಿಂದೆ ತಾಲ್ಲೂಕು ಕೇಂದ್ರವೊಂದರಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರುಗಳಿಗೆ ತರಬೇತಿ ನಡೆಯಿತು. ಬೆಟ್ಟದಪುರದ ಸುತ್ತಿನ ಹಳ್ಳಿಗಳಿಂದ ನಮ್ಮ ಗೆಳೆಯರು ನಾಲ್ಕೈದು ಜನ ಹೋಗಿದ್ದರು. ಮಧ್ಯಾಹ್ನದ ಊಟವಾದ ಮೇಲೆ ಬಿಳಿ ಜುಬ್ಬಾ ತೊಟ್ಟ ಒಬ್ಬರು ಬಂದು ಎಲ್ಲರಿಗೂ ಕಣ್ಣು ಮುಚ್ಚಲು ಹೇಳಿದರಂತೆ. ನಿನ್ನೆ ಸತ್ತು ಹೋಗಿದೆ, ನಾಳೆ ಇನ್ನೂ ಹುಟ್ಟಿಲ್ಲ, ಇರುವುದು ಈ ಕ್ಷಣ ಒಂದೇ. ಹಿಂದಿನದನ್ನು ನೆನೆಯುವವನು ದುಃಖಿ, ಮುಂದಿನದಕ್ಕೆ ಕಾಯುವವನು ಆಸೆಬುರುಕ. ಎರಡನ್ನೂ ಕೈಬಿಟ್ಟವನೇ ಸುಖಿ ಎಂದರಂತೆ. ಅರ್ಧ ಜನ ಊಟದ ಮಂಪರಿನಲ್ಲಿ ನಿಜವಾಗಿಯೂ ನಿದ್ದೆ ಹೋದರು. ನಮ್ಮ ಗೆಳೆಯನೊಬ್ಬ ಮಾತ್ರ ಪಕ್ಕದವನ ಕಿವಿಯಲ್ಲಿ, "ಈ ವಯ್ಯಂದು ಈ ಕ್ಷಣ ಚೆನ್ನಾಗದೆ ಕಣ್ಲಾ, ಅದ್ಕೆ ಹಿಂಗಂತಾವ್ನೆ" ಅಂದನಂತೆ.

ನಕ್ಕು ಬಿಟ್ಟುಬಿಡಬಹುದಾಗಿತ್ತು. ಆದರೆ ಈ ಉಪದೇಶ ಈಗ ಒಬ್ಬರ ಬಾಯಲ್ಲಿಲ್ಲ. ಟಿ.ವಿ.ಯಲ್ಲಿ ಅದೇ, ಮೊಬೈಲಿನಲ್ಲಿ ಅದೇ, ಮಠದ ವೇದಿಕೆಯಲ್ಲಿ ಅದೇ, ಕಂಪನಿಗಳು ದುಡ್ಡು ಕೊಟ್ಟು ನಡೆಸುವ ಶಿಬಿರಗಳಲ್ಲೂ ಅದೇ. ನಮ್ಮ ಹುಡುಗರೂ ಅದನ್ನೇ ಸ್ಟೇಟಸ್ಸಿಗೆ ಹಾಕಿಕೊಂಡು ಓಡಾಡುತ್ತಿದ್ದಾರೆ. ಆದ್ದರಿಂದ ಕೇಳಬೇಕಾಗಿದೆ. ಈ ಕ್ಷಣ, ಈ ಕ್ಷಣ ಅನ್ನುತ್ತೀರಲ್ಲ ಸ್ವಾಮಿ, ಈ ಕ್ಷಣ ಯಾರಪ್ಪನದು?

ಆಷಾಢ ಶ್ರಾವಣದಲ್ಲಿ ನಮ್ಮ ಸೀಮೆಗೆ ಬನ್ನಿ. ಬೆಟ್ಟದಪುರದ ಬೆಟ್ಟ ಹತ್ತಿ ಸಿಡಿಲು ಮಲ್ಲಿಕಾರ್ಜುನನ ಗುಡಿಯ ಹತ್ತಿರ ನಿಂತು ಕೆಳಗೆ ನೋಡಿ. ಪಿರಿಯಾಪಟ್ಟಣದ ಕಡೆಗೂ ಹುಣಸೂರಿನ ಕಡೆಗೂ ಹೊಗೆಸೊಪ್ಪಿನ ಹೊಲ, ಹೊಲದ ನಡುವೆ ಬ್ಯಾರನ್ನು, ಬ್ಯಾರನ್ನಿನ ನೆತ್ತಿಯಿಂದ ಹೊಗೆ. ಮೇಲಿನಿಂದ ಚೆಂದವಾಗಿಯೇ ಕಾಣುತ್ತದೆ. ಇಳಿದು ಒಂದು ಬ್ಯಾರನ್ನಿನ ಹತ್ತಿರ ಹೋಗಿ. ಹೆಂಗಸರು ಸಾಲಾಗಿ ಕೂತು ಹಸಿ ಎಲೆಯನ್ನು ಕಡ್ಡಿಗೆ ಕಟ್ಟುತ್ತಿರುತ್ತಾರೆ. ಕಡ್ಡಿಯ ಲೆಕ್ಕದಲ್ಲಿ ಕೂಲಿ. ಮಳೆಯಲ್ಲಿ ನೆಂದ ಎಲೆಯಾದರೆ ಅದರ ನಿಕೋಟಿನ್ನು ಚರ್ಮದ ಮೂಲಕವೇ ಮೈಗೆ ಇಳಿಯುತ್ತದೆ. ತಲೆ ತಿರುಗುತ್ತದೆ, ವಾಂತಿಯಾಗುತ್ತದೆ, ಕೈಯ ಅಂಟು ಸೋಪು ಹಾಕಿ ಉಜ್ಜಿದರೂ ಹೋಗುವುದಿಲ್ಲ; ಆ ಕೈಯಲ್ಲೇ ಮುದ್ದೆ ಮುರಿಯಬೇಕು, ಮುದ್ದೆಯೂ ಕಹಿ. ಒಳಗೆ ಕಡ್ಡಿ ಏರಿಸಿದ ಮೇಲೆ ಐದಾರು ದಿನ ಹಗಲೂ ರಾತ್ರಿ ಬೆಂಕಿ ಆರಬಾರದು. ರಾತ್ರಿಯೆಲ್ಲ ಒಬ್ಬ ಸೌದೆ ಒಟ್ಟುತ್ತಾ ಕೂತಿರುತ್ತಾನೆ. ಕಣ್ಣು ಮುಚ್ಚಿಕೊಂಡು ಈ ಕ್ಷಣವನ್ನು ಅನುಭವಿಸು ಅಂತ ಅವನಿಗೆ ಹೇಳಿ ನೋಡೋಣ. ಕಣ್ಣು ಮುಚ್ಚಿದರೆ ಬ್ಯಾರನ್ನಿಗೆ ಬೆಂಕಿ ಬೀಳುತ್ತದೆ. ಸುಟ್ಟ ಸೊಪ್ಪಿನ ಲೆಕ್ಕ ಅವನ ತಲೆಗೇ ಬರುತ್ತದೆ.

ಅಂಥಾ ಜಾಗದಲ್ಲೂ ನಗು ಇದೆ. ಇಲ್ಲ ಅಂದರೆ ನಾವು ಸುಳ್ಳುಗಾರರಾಗುತ್ತೇವೆ. ದಲಿತರ ಬದುಕೆಂದರೆ ಬರೀ ಗೋಳು ಎಂದು ಬರೆದು ಬರೆದು ನಮ್ಮವರೇ ಕೆಲವರು ಒಂದು ಸುಳ್ಳನ್ನು ಕಟ್ಟಿದ್ದಾರೆ. ಆದರೆ ಆ ನಗು ಎಲ್ಲಿಂದ ಬರುತ್ತದೆ ಎಂದು ಕಿವಿಗೊಟ್ಟು ಕೇಳಿ. ಕೈಯಲ್ಲಿರುವ ಎಲೆಯಿಂದಲ್ಲ. "ಜಾತ್ರೆಗೆ ಇನ್ನೆಷ್ಟು ದಿನ ಆಯ್ತದಕ್ಕಾ?" ಎಂದು ಒಬ್ಬಳು ಶುರು ಮಾಡುತ್ತಾಳೆ. ದಿನ ಎಷ್ಟು ಎಂದು ಅವಳಿಗೇ ಗೊತ್ತು, ಕೇಳುವುದೇ ಒಂದು ಸುಖ. ಇನ್ನೊಬ್ಬಳ ಮಗಳು ಬಾಣಂತನಕ್ಕೆ ಬರುವವಳಿದ್ದಾಳೆ. ಹುಟ್ಟದ ಮೊಮ್ಮಗಳಿಗೆ ಆಗಲೇ ಹೆಸರು ಇಟ್ಟು, ಆ ಹೆಸರಿಗೆ ಜಗಳ ಆಡಿ, ರಾಜಿಯೂ ಆಗಿಬಿಟ್ಟಿರುತ್ತಾರೆ. ಮತ್ತೊಬ್ಬಳು, ವಯಸ್ಸಾದವಳು, ತಾನು ಹುಡುಗಿಯಾಗಿದ್ದಾಗ ಮಾರಮ್ಮನ ಹಬ್ಬದಲ್ಲಿ ಹೊಟ್ಟೆ ತುಂಬ ಅನ್ನ ಉಂಡದ್ದನ್ನು ಹೇಳುತ್ತಾಳೆ. ಅನ್ನ ಹೇಗೆ ಹಬೆಯಾಡುತ್ತಿತ್ತು, ಸಾರಿನಲ್ಲಿ ಎಷ್ಟು ತುಂಡಿತ್ತು, ಅವಳ ಅಣ್ಣ ಹೇಗೆ ತನ್ನ ಪಾಲಿನದನ್ನು ಇವಳ ಎಲೆಗೆ ದಾಟಿಸಿದ. ಆ ಊಟ ಮುಗಿದದ್ದು ಕಾಲು ಗಂಟೆಯಲ್ಲಿರಬೇಕು. ಐವತ್ತು ವರ್ಷದಿಂದ ಅವಳು ಅದನ್ನು ಉಣ್ಣುತ್ತಲೇ ಇದ್ದಾಳೆ, ಪಕ್ಕದಲ್ಲಿ ಕೂತವರಿಗೂ ಬಡಿಸುತ್ತಿದ್ದಾಳೆ. ಅಣ್ಣ ಸತ್ತು ಹೋಗಿದ್ದಾನೆ. ಆ ತುಂಡು ಮಾತ್ರ ಇನ್ನೂ ಎಲೆಯ ಮೇಲಿದೆ.

ಇದನ್ನು ಕೈಬಿಡು ಎನ್ನುತ್ತಾರೆ ಬಿಳಿ ಜುಬ್ಬಾದವರು. ಬಿಟ್ಟರೆ ಅವಳ ಕೈಯಲ್ಲಿ ಉಳಿಯುವುದು ಏನು? ಹಸಿ ಹೊಗೆಸೊಪ್ಪು.

ಹೊಟ್ಟೆ ತುಂಬಿದವನಿಗೆ ವರ್ತಮಾನ ಒಂದು ಮನೆ. ಕೂತುಕೊಳ್ಳಬಹುದು, ಕಾಲು ಚಾಚಬಹುದು, ಕಣ್ಣು ಮುಚ್ಚಬಹುದು. ನಮಗೆ ಅದು ಒಡೇರ ಹೊಲ. ಬೆಳಗ್ಗೆ ಹೋಗಿ ಸಂಜೆ ಬರುವ ಜಾಗ. ಆ ಹೊಲದಲ್ಲಿ ನಮ್ಮದು ಅನ್ನುವುದು ಏನೂ ಇರಲಿಲ್ಲ. ನಮ್ಮದಾಗಿದ್ದದ್ದು ಎರಡೇ, ಹಿಂದೆ ಆದದ್ದು ಮತ್ತು ಮುಂದೆ ಆಗಬೇಕಾದದ್ದು. ಒಡೆಯನಿಗೆ ಇದು ನಮಗಿಂತ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅವನು ಆ ಎರಡಕ್ಕೇ ಕೈ ಹಾಕಿದ. ಜೀತ ಅಂದರೆ ಬೇರೇನು? ಅಪ್ಪ ಮಾಡಿದ ಸಾಲ, ಅಂದರೆ ನಮ್ಮ ನಿನ್ನೆ, ಒಡೆಯನ ಪುಸ್ತಕದಲ್ಲಿ. ಮಗನ ದುಡಿಮೆ, ಅಂದರೆ ನಮ್ಮ ನಾಳೆ, ಅದೂ ಅದೇ ಪುಟದಲ್ಲಿ. ನಡುವೆ ಒಂದು ಹೆಬ್ಬೆಟ್ಟು. ನಾವು ಮರೆತರೂ ಪುಸ್ತಕ ಮರೆಯುತ್ತಿರಲಿಲ್ಲ. ನೆನಪನ್ನು ಕೈಬಿಡಿ ಎಂದು ಆ ಪುಸ್ತಕದವರಿಗೆ ಯಾವ ಸ್ವಾಮಿಯಾದರೂ ಹೇಳಿದ್ದುಂಟೇ? 1976ರ ಜೀತ ನಿರ್ಮೂಲನ ಕಾಯಿದೆ ಆ ಸಾಲವೆಲ್ಲ ರದ್ದು ಎಂದಿತು. ಕಾಗದದಲ್ಲಿ ಅಂದಿತು. ಎಚ್.ಡಿ. ಕೋಟೆ, ಹುಣಸೂರು ಕಡೆಯ ಹಾಡಿಗಳಲ್ಲೂ ಕೇರಿಗಳಲ್ಲೂ ಆ ಮಾತು ತಲುಪಲು ಎಷ್ಟು ಕಾಲ ಬೇಕಾಯಿತು, ಎಷ್ಟು ಜನರ ಓಡಾಟ ಬೇಕಾಯಿತು ಎಂಬುದು ಬೇರೆ ಕಥೆ. ಇದೇ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ 1974ರಲ್ಲಿ ಭೂಸುಧಾರಣೆ ಬಂತು. ಗೇಣಿದಾರನಿಗೆ ಭೂಮಿ ಬಂತು, ದೊಡ್ಡ ಕೆಲಸವೇ. ಆದರೆ ಗೇಣಿದಾರನೂ ಅಲ್ಲದ, ಗೇಣಿದಾರನ ಹೊಲದಲ್ಲಿ ಕೂಲಿಯಾಗಿದ್ದವನು ಕಾಯುತ್ತಲೇ ಉಳಿದ.

ನಮ್ಮಲ್ಲೊಬ್ಬರ ತಾತ ಜೀತಕ್ಕಿದ್ದವರು. ವರ್ಷಕ್ಕೊಮ್ಮೆ ಸಂಕ್ರಾಂತಿ ಹೊತ್ತಿಗೆ ಒಡೆಯನ ಎತ್ತು ಹೊಡೆದುಕೊಂಡು ಚುಂಚನಕಟ್ಟೆ ದನದ ಜಾತ್ರೆಗೆ ನಡೆದು ಹೋಗುತ್ತಿದ್ದರು. ಅದಕ್ಕೆ ದೀಪಾವಳಿಯಿಂದಲೇ ತಯಾರಿ. ಎತ್ತಿನ ಮೈ ತಿಕ್ಕುವುದು, ಕೊಂಬು ಹೆರೆಯುವುದು, ಗೆಜ್ಜೆಯ ದಾರ ಹೊಸೆಯುವುದು. ಜಾತ್ರೆಯಲ್ಲಿ ಯಾರೋ ಒಬ್ಬರು ಎತ್ತನ್ನು ನೋಡಿ "ಸಾಕಿದೋನು ಯಾವನಯ್ಯ?" ಅಂದರಂತೆ. ಒಡೆಯ ಎದೆ ಮುಂದೆ ಮಾಡಿದನಂತೆ. ತಾತ ಸಾಯುವವರೆಗೂ ಈ ಕಥೆ ಹೇಳಿ ನಗುತ್ತಿದ್ದರು. "ಎತ್ತು ಯಾರ್ ಕಡೆ ತಿರುಗಿ ನೋಡ್ತು ಗೊತ್ತೇನ್ಲಾ?" ಎಂದು ಕೇಳುತ್ತಿದ್ದರು. ನಾವು ಓದಿದ ಹುಡುಗರು, ಪಾಂಪ್ಲೆಟ್ ಓದಿ ತಲೆ ಬಿಸಿಯಾಗಿದ್ದವರು, "ತಾತ, ಅದು ನಿನ್ನ ಎತ್ತಲ್ಲ, ನಿನ್ನ ಶೋಷಣೆ" ಅಂದೆವು. ತಾತ ನಮ್ಮನ್ನೇ ಒಂದು ಗಳಿಗೆ ನೋಡಿ, "ಶೋಷಣೆ ಅಂಬೋದು ನಂಗ್ ಗೊತ್ತಿಲ್ವಾ? ಬೆನ್ ನೋಡು. ಈಗ ಎತ್ತಿನ ವಿಚಾರ ಹೇಳ್ತಿವ್ನಿ, ಕೇಳು" ಅಂದರು. ಆವತ್ತು ನಮಗೆ ನಾಚಿಕೆಯಾಯಿತು. ಒಡೆಯ ಎತ್ತನ್ನು ಮಾರಿದ, ದುಡ್ಡು ಎಣಿಸಿಕೊಂಡ. ಎರಡು ತಿಂಗಳು ಕಾದ ಖುಷಿ ಮತ್ತು ಎತ್ತು ತಿರುಗಿ ನೋಡಿದ ಆ ನೋಟ ಅವನ ಲೆಕ್ಕಕ್ಕೆ ಸಿಗಲಿಲ್ಲ.

ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ' ಎಂಬ ಸಣ್ಣ ಬರಹವನ್ನು ನಮ್ಮ ಓದುಗರಲ್ಲಿ ಬಹಳ ಜನ ಓದಿರುತ್ತೀರಿ. ಮತ್ತೊಮ್ಮೆ ಓದಿ, ಈ ಕಣ್ಣಿನಿಂದ ಓದಿ. 1901ನೇ ಇಸವಿ. ಭೀಮರಾವ್ ಹತ್ತು ವರ್ಷದ ಹುಡುಗ. ಅಪ್ಪ ಗೋರೆಗಾಂವ್‌ನಲ್ಲಿ ಕೆಲಸಕ್ಕಿದ್ದರು. ಬೇಸಿಗೆ ರಜೆಗೆ ಬನ್ನಿ ಎಂದು ಕಾಗದ ಬರೆದರು. ಸಾತಾರಾದಲ್ಲಿದ್ದ ಮಕ್ಕಳಿಗೆ ಹಿಗ್ಗೋ ಹಿಗ್ಗು, ಅಲ್ಲಿಯವರೆಗೆ ರೈಲನ್ನೇ ಕಂಡವರಲ್ಲ. ಹೊಸ ಅಂಗಿ, ಮಿನುಗುವ ಟೋಪಿ, ಹೊಸ ಜೋಡು, ರೇಷ್ಮೆ ಅಂಚಿನ ಪಂಚೆ. ಮಸೂರ್ ಸ್ಟೇಷನ್ನಿನಲ್ಲಿ ಇಳಿದರೆ ಕರೆದೊಯ್ಯಲು ಯಾರೂ ಬಂದಿಲ್ಲ. ಸ್ಟೇಷನ್ ಮಾಸ್ತರು ಅಚ್ಚುಕಟ್ಟಾದ ಬಟ್ಟೆ ನೋಡಿ ಯಾರು ಎಂದು ವಿಚಾರಿಸಿದರು. ಮಹಾರರು ಎಂದ ಕೂಡಲೇ ಮುಖ ಬದಲಾಯಿತು. ಗಾಡಿಯವರು ಒಬ್ಬರೂ ಒಪ್ಪಲಿಲ್ಲ. ಕೊನೆಗೆ ಎರಡರಷ್ಟು ಬಾಡಿಗೆ ಕೊಟ್ಟು ಮಕ್ಕಳೇ ಗಾಡಿ ಹೊಡೆಯಬೇಕು, ಗಾಡಿಯವನು ಪಕ್ಕದಲ್ಲಿ ನಡೆಯುತ್ತಾನೆ ಎಂದು ಒಪ್ಪಂದವಾಯಿತು. ಬುತ್ತಿ ಇತ್ತು, ನೀರಿರಲಿಲ್ಲ. ರಾತ್ರಿಯೆಲ್ಲ ಕೇಳಿದರೂ ಕುಡಿಯಲು ಒಂದು ತೊಟ್ಟು ಸಿಗಲಿಲ್ಲ.

ಇದನ್ನು ಅವರು ಬರೆದದ್ದು ಮೂವತ್ತು ವರ್ಷಕ್ಕೂ ಮೇಲಾದ ನಂತರ. ಅಷ್ಟು ಹೊತ್ತಿಗೆ ಕೊಲಂಬಿಯಾ, ಲಂಡನ್, ಬ್ಯಾರಿಸ್ಟರಿ ಎಲ್ಲ ಆಗಿತ್ತು. ಈ ಕ್ಷಣದಲ್ಲಿ ಬದುಕುವ ಯೋಗ್ಯತೆ ಯಾರಿಗಾದರೂ ಬಂದಿದ್ದರೆ ಅವರಿಗೆ ಬಂದಿತ್ತು. ಬದುಕಲಿಲ್ಲ. ನಾವು ಗಮನಿಸಬೇಕಾದದ್ದು ಇನ್ನೊಂದಿದೆ. ಅವಮಾನವನ್ನಷ್ಟೇ ಬರೆದು ಮುಗಿಸಬಹುದಿತ್ತು. ಅವರು ರೇಷ್ಮೆ ಅಂಚನ್ನೂ ಬರೆದರು. ಆ ಹಿಗ್ಗನ್ನು ಬರೆಯದೆ ಹೋಗಿದ್ದರೆ ಕಳೆದುಕೊಂಡದ್ದು ಎಷ್ಟು ಎಂಬುದೇ ಗೊತ್ತಾಗುತ್ತಿರಲಿಲ್ಲ. ಜಾತಿ ಆ ಮಕ್ಕಳಿಂದ ಕಸಿದದ್ದು ನೀರನ್ನು ಮಾತ್ರವಲ್ಲ, ರಜೆಗಾಗಿ ಕಾದ ಅಷ್ಟೂ ದಿನಗಳ ಖುಷಿಯನ್ನು. ಅದನ್ನು ಅವರು ಬರೆದು ವಾಪಸ್ ತೆಗೆದುಕೊಂಡರು.

ಇಲ್ಲಿ ನಮ್ಮ ಅಧ್ಯಯನ ಕೂಟದ ಹುಡುಗಿಯೊಬ್ಬಳು ಸರಿಯಾಗಿ ಅಡ್ಡ ಹಾಕಿದಳು. "ಅಣ್ಣ, ಬುದ್ಧನೂ ಅದನ್ನೇ ಅಲ್ವಾ ಹೇಳಿದ್ದು, ಈ ಗಳಿಗೆಯ ಎಚ್ಚರ ಅಂತ?" ನಾವು ಎರಡು ವಾರ ಇದೇ ಚರ್ಚೆ ಮಾಡಿದೆವು. ಬುದ್ಧ ಹೇಳಿದ ಎಚ್ಚರಕ್ಕೆ ಪಾಲಿಯಲ್ಲಿ 'ಸತಿ' ಎನ್ನುತ್ತಾರೆ. ಅದು ಸಂಸ್ಕೃತದ 'ಸ್ಮೃತಿ'ಯೇ. ಅಂದರೆ ನೆನಪು. ಶಿಬಿರದವರು ನೆನಪನ್ನು ಬಿಡು ಎಂದು ಮಾರುತ್ತಿರುವ ಸರಕಿನ ಮೂಲದ ಹೆಸರೇ ನೆನಪು! ಕಣ್ಣೆದುರಿನ ದುಃಖವನ್ನು ಬಿಟ್ಟ ಕಣ್ಣಿನಿಂದ ನೋಡು, ಅದಕ್ಕೆ ಕಾರಣವಿದೆ, ಅದಕ್ಕೆ ಕೊನೆಯೂ ಇದೆ ಎಂದವನು ಬುದ್ಧ. ಕಾರಣ ಅಂದರೆ ಹಿಂದಿನದು. ಕೊನೆ ಅಂದರೆ ಮುಂದಿನದು. ಎರಡನ್ನೂ ಕತ್ತರಿಸಿ ನಡುವಿನ ತುಂಡನ್ನು ಮಾತ್ರ ಪ್ಯಾಕೆಟ್ ಕಟ್ಟಿದವರು ಬೇರೆಯವರು.

ಅದೇ ಸ್ಮೃತಿ ಎನ್ನುವ ಶಬ್ದವನ್ನು ಈ ದೇಶದ ಪುರೋಹಿತಶಾಹಿ ಏನು ಮಾಡಿತು ನೋಡಿ. ತಮ್ಮ ನೆನಪನ್ನು ಕಾನೂನು ಮಾಡಿ ಅದಕ್ಕೆ ಮನುಸ್ಮೃತಿ ಎಂದು ಹೆಸರಿಟ್ಟರು. ಅವರ ನೆನಪು ಶಾಸ್ತ್ರ, ನಮ್ಮ ನೆನಪು ಗೊಣಗಾಟ. 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಸುಟ್ಟದ್ದು ಆ ನೆನಪನ್ನು. ಹಳೆಯದನ್ನೆಲ್ಲ ಮರೆಯಿರಿ ಅನ್ನುವವರು ಅದನ್ನು ಸುಟ್ಟದ್ದನ್ನು ಮಾತ್ರ ಇವತ್ತಿಗೂ ಮರೆತಿಲ್ಲ.

ನೆನಪು ಬರೀ ಎದೆಯ ವಿಚಾರವಲ್ಲ, ಭೂಮಿಯ ವಿಚಾರ. ಸರ್ಕಾರ ದಲಿತರಿಗೆ ಮಂಜೂರು ಮಾಡಿದ ಜಮೀನು ಒಂದು ಚೀಲ ರಾಗಿಗೆ, ಒಂದು ಮದುವೆಯ ಸಾಲಕ್ಕೆ ಬೇರೆಯವರ ಕೈ ಸೇರಿತ್ತು. ಅದನ್ನು ವಾಪಸ್ ಕೊಡಿಸಲು 1978ರಲ್ಲಿ ಕಾಯಿದೆ ಬಂತು, ನಮ್ಮ ಜನ ಪಿ.ಟಿ.ಸಿ.ಎಲ್. ಎಂದೇ ಕರೆಯುವ ಕಾಯಿದೆ. ಕಾಗದ ಇಲ್ಲದ ಮುದುಕಿ ಹೊಲದ ಬದುವಿನ ಮೇಲೆ ನಿಂತು, "ಆ ಹುಣಸೇಮರದಿಂದ ಈ ಕಲ್ಲಿನ ಗಂಟ ನಮ್ಮದು ಕನಪ್ಪ, ನಮ್ಮತ್ತೆ ಇಲ್ಲೇ ನಂಗೆ ಬುತ್ತಿ ತತ್ತಿದ್ದರು" ಎನ್ನುತ್ತಾಳೆ. ಅರ್ಜಿ ಶುರುವಾಗುವುದೇ ಅಲ್ಲಿಂದ, ಆ ಬುತ್ತಿಯ ನೆನಪಿನಿಂದ. 2017ರಲ್ಲಿ ಸುಪ್ರೀಂ ಕೋರ್ಟು ಇಂಥ ಅರ್ಜಿಯನ್ನು ಸಮಂಜಸ ಕಾಲಾವಧಿಯೊಳಗೆ ಹಾಕಬೇಕು ಎಂದಿತು. ಅಂದರೆ, ನೀವು ತಡವಾಗಿ ನೆನಪು ಮಾಡಿಕೊಂಡಿರಿ! ಅಕ್ಷರ ಕೊಡದವರು, ಕಛೇರಿಯ ಮೆಟ್ಟಿಲು ಹತ್ತಲು ಬಿಡದವರು ತಡವಾಯಿತು ಎನ್ನುವುದು ಯಾವ ನ್ಯಾಯ? ಹೋರಾಟವಾಯಿತು, ಧರಣಿಯಾಯಿತು, 2023ರಲ್ಲಿ ಕಾಲಮಿತಿ ಇಲ್ಲ ಎಂದು ಕಾಯಿದೆಗೆ ತಿದ್ದುಪಡಿ ಬಂತು. ಆ ತಿದ್ದುಪಡಿ ಬಂದದ್ದು ಕಣ್ಣು ಮುಚ್ಚಿ ಕೂತದ್ದರಿಂದ ಅಲ್ಲ.

ನಾಗರಹೊಳೆ ಕಾಡಿನಿಂದ ಹೊರಗೆ ಹಾಕಿಸಿಕೊಂಡ ಜೇನುಕುರುಬರನ್ನು ಕೇಳಿ. ಹುಣಸೂರು, ಕೋಟೆ ತಾಲ್ಲೂಕಿನ ಕಾಡಂಚಿನ ಹಾಡಿಗಳಲ್ಲಿ ಕೂತು ಮುದುಕರು ಒಳಗಿನ ಹಾಡಿಯ ಹೆಸರು, ಹಳ್ಳದ ಹೆಸರು, ಗುಡಿಯ ಕಲ್ಲು, ಹಿರಿಯರನ್ನು ಮಣ್ಣು ಮಾಡಿದ ಜಾಗ ಒಂದೊಂದನ್ನೂ ಹೇಳುತ್ತಾರೆ. ಬಹಳ ಕಾಲ ಅದು ಮುದುಕರ ಕನವರಿಕೆ ಎನ್ನಿಸಿಕೊಂಡಿತ್ತು. 2006ರ ಅರಣ್ಯ ಹಕ್ಕು ಕಾಯಿದೆಯ ನಿಯಮಗಳು ಹಿರಿಯರ ಹೇಳಿಕೆಯನ್ನೂ ಸ್ಮಶಾನ ಮತ್ತು ದೇವರ ಜಾಗಗಳನ್ನೂ ಸಾಕ್ಷ್ಯ ಎಂದು ಒಪ್ಪಿದವು. ಕನವರಿಕೆ ದಾಖಲೆಯಾಯಿತು. ಹಕ್ಕು ಸಿಕ್ಕಿತೇ ಎಂದು ಕೇಳಬೇಡಿ, ಅರ್ಜಿಗಳ ಗತಿ ಎಲ್ಲರಿಗೂ ಗೊತ್ತಿದೆ. ಆದರೆ ಆ ಮುದುಕರು 'ನಿನ್ನೆ ಸತ್ತಿದೆ' ಎಂದು ನಂಬಿದ್ದರೆ ಅರ್ಜಿಯೂ ಇರುತ್ತಿರಲಿಲ್ಲ.

ಇಷ್ಟು ಹೇಳಿ ಬೆನ್ನು ತಟ್ಟಿಕೊಂಡರೆ ನಾವು ಅರ್ಧ ಮಾತ್ರ ಹೇಳಿದಂತೆ. ಕಾಯುವುದೆಲ್ಲ ಒಂದೇ ಅಲ್ಲ. ಮುಂದಿನ ಜನ್ಮದಲ್ಲಿ ಒಳ್ಳೆಯದಾಗುತ್ತದೆ, ಈ ಜನ್ಮ ತೆಪ್ಪಗಿರು ಎಂದು ಸಾವಿರಾರು ವರ್ಷ ನಮ್ಮನ್ನು ಕಾಯಿಸಿದ್ದೂ ನಾಳೆಯ ಹೆಸರಿನಲ್ಲೇ. ಐದು ವರ್ಷಕ್ಕೊಮ್ಮೆ ನಿವೇಶನ ಕೊಡುತ್ತೇವೆ, ಹಕ್ಕುಪತ್ರ ಕೊಡುತ್ತೇವೆ ಎಂದು ಕೇರಿಗೆ ಬಂದು ಹೋಗುವುದೂ ನಾಳೆಯ ಹೆಸರಿನಲ್ಲೇ. ಆ ನಾಳೆ ಬೇರೆಯವರು ಕೈಗೆ ಕೊಟ್ಟ ನಾಳೆ. ಬ್ಯಾರನ್ನಿನ ಹೆಂಗಸು ಕಾಯುವ ಜಾತ್ರೆಗೆ ಅವಳೇ ಕಾಸು ಕೂಡಿಡುತ್ತಾಳೆ, ಅವಳೇ ದಿನ ಎಣಿಸುತ್ತಾಳೆ, ಅವಳೇ ಹೋಗುತ್ತಾಳೆ. ಮುಂದಿನ ಜನ್ಮಕ್ಕೆ ದಿನ ಎಣಿಸಿದವರನ್ನು ನಾವು ಕಂಡಿಲ್ಲ.

ನಮ್ಮ ಮನೆಯೊಳಗಿನ ಮಾತನ್ನೂ ಆಡಿಬಿಡೋಣ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಸವಲಿಂಗಪ್ಪನವರು ಬೂಸಾ ಎಂದ ಮೇಲೆ ದಲಿತ ಹುಡುಗರು ಏಟು ತಿಂದರು. ಆ ಏಟಿನಿಂದ ಸಂಘಟನೆ ಬೆಳೆಯಿತು, ಪತ್ರಿಕೆಗಳು ಬಂದವು, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಆಯಿತು. ಆವತ್ತು ಎಲ್ಲರೂ ನಾಳೆಯ ಮೇಲೆ ಕಣ್ಣಿಟ್ಟಿದ್ದರು. ಈಗ ಸಭೆಗಳಿಗೆ ಹೋದರೆ ಹಿರಿಯರು ಕೆಲವರು ಆ ಕಾಲವನ್ನು ಪದಕದಂತೆ ಎದೆಗೆ ಚುಚ್ಚಿಕೊಂಡು ಕೂತಿರುತ್ತಾರೆ. "ನಮ್ಮ ಕಾಲದಲ್ಲಿ..." ಎಂದು ಶುರುವಾದರೆ ಹುಡುಗರು ಮೆಲ್ಲಗೆ ಟೀ ಕಡೆಗೆ ಜಾರುತ್ತಾರೆ. ತಪ್ಪು ಹುಡುಗರದ್ದಲ್ಲ. ಆ ಅನ್ನ ಉಂಡ ಮುದುಕಿಯ ಕಥೆಗೆ ಯಾರೂ ಎದ್ದು ಹೋಗುವುದಿಲ್ಲ, ಏಕೆಂದರೆ ಅವಳು ಬಡಿಸುತ್ತಾಳೆ. ನಮ್ಮವರು ತಾವೇ ಉಣ್ಣುತ್ತಾರೆ.

ಕೊನೆಗೆ ಮೇಷ್ಟ್ರುಗಳಿಗೆ ಒಂದು ಮಾತು, ಈ ಜಗಳ ಶುರುವಾದದ್ದೇ ಅವರ ತರಬೇತಿಯಲ್ಲಿ. ನಾವು ಓದುವಾಗ ಮೇಷ್ಟ್ರೊಬ್ಬರು ತರಗತಿಯಲ್ಲಿ ಮಕ್ಕಳನ್ನು ಸಾಲಾಗಿ ಎಬ್ಬಿಸಿ, "ದೊಡ್ಡವನಾದ ಮೇಲೆ ಏನಾಗ್ತೀಯೋ?" ಎಂದು ಕೇಳುತ್ತಾ ಬಂದರು. ಡಾಕ್ಟ್ರು, ಪೊಲೀಸು, ಬಸ್ ಡ್ರೈವರ್ರು. ನಮ್ಮ ಕೇರಿಯ ಹುಡುಗರು ಕೂತಿದ್ದ ಹಿಂದಿನ ಸಾಲು ಬರುವ ಹೊತ್ತಿಗೆ ಪಾಠ ಶುರು ಮಾಡಿದರು. ಬೈಯಲಿಲ್ಲ, ಹೊಡೆಯಲಿಲ್ಲ. ಕೇಳಲಿಲ್ಲ, ಅಷ್ಟೇ. ನಮ್ಮಲ್ಲೊಬ್ಬ ಉತ್ತರ ತಯಾರು ಮಾಡಿಕೊಂಡು, ಎದ್ದು ನಿಲ್ಲಲು ಚಡ್ಡಿ ಸರಿ ಮಾಡಿಕೊಂಡು ಕಾಯುತ್ತಿದ್ದ. ಈಗ ಅವನೇ ಮೇಷ್ಟ್ರು. ಹಿಂದಿನ ಸಾಲಿನಿಂದಲೇ ಕೇಳಲು ಶುರು ಮಾಡುತ್ತಾನೆ. ಮೊನ್ನೆ ಜೇನುಕುರುಬರ ಹುಡುಗಿಯೊಬ್ಬಳು, "ಮೊದ್ಲು ನೀವೇಳಿ ಸಾ, ನೀವೇನಾಗ್ಬೇಕು ಅಂತಿದ್ರಿ?" ಎಂದು ತಿರುಗಿ ಕೇಳಿದಳಂತೆ. ಇವನಿಗೆ ಆವತ್ತು ತಯಾರು ಮಾಡಿಕೊಂಡಿದ್ದ ಉತ್ತರ ಇನ್ನೂ ನೆನಪಿತ್ತು. ರೈಲು ಬಿಡೋನು. ಇಡೀ ತರಗತಿ ನಕ್ಕಿತಂತೆ, ಇವನೂ ನಕ್ಕನಂತೆ.

ಏಪ್ರಿಲ್ ಹದಿನಾಲ್ಕಕ್ಕೆ ನಮ್ಮ ಕೇರಿಯಲ್ಲಿ ಸಂಕ್ರಾಂತಿ ಕಳೆದ ಕೂಡಲೇ ಚೀಟಿ ಪುಸ್ತಕ ಹೊರಡುತ್ತದೆ. ಕೂಲಿ ಬಟವಾಡೆಯ ದಿನ ಮನೆ ಮನೆಗೆ ಹೋಗಬೇಕು, ಮರುದಿನ ಹೋದರೆ ದುಡ್ಡು ಇರುವುದಿಲ್ಲ. ಕಳೆದ ಸಲ ಡಿ.ಜೆ. ತರಿಸಿ ದುಡ್ಡು ಹಾಳು ಮಾಡಿದೆವು, ಈ ಸಲ ತಮಟೆಯೇ ಸಾಕು ಎಂದು ಹೆಂಗಸರು ಹಟ ಹಿಡಿದಿದ್ದಾರೆ. ಮೆರವಣಿಗೆ ದೊಡ್ಡ ಬೀದಿಯಲ್ಲಿ ಹೋಗಲೇಬೇಕು ಎಂಬುದರಲ್ಲಿ ಮಾತ್ರ ಎರಡು ಮಾತಿಲ್ಲ, ಅದಕ್ಕೆ ಅರ್ಜಿ ಕೊಟ್ಟಿದ್ದೇವೆ. ಹೊಸ ಬಾವುಟಕ್ಕೆ ನೀಲಿ ಬಟ್ಟೆ ಎಷ್ಟು ಮೀಟರ್ ಬೇಕು ಎಂಬ ಜಗಳ ಇನ್ನೂ ಮುಗಿದಿಲ್ಲ. ಹೊಗೆಸೊಪ್ಪು ಕಟ್ಟುವ ಆ ಮುದುಕಿ, ಬಟ್ಟೆ ಯಾವುದಾದರೂ ತನ್ನಿ, ಅನ್ನದ ಲೆಕ್ಕ ನನಗೆ ಬಿಡಿ ಎಂದಿದ್ದಾಳೆ.